ಫೈಲಿನಲ್ಲಿ ಇಲ್ಲದ ಗುಬ್ಬಿ

ಒಂದಾನೊಂದು ಕಾಲದಲ್ಲಿ, ಅಂದರೆ ತೀರಾ ಹಿಂದೇನಲ್ಲ, ಹೋದ ವರ್ಷದ ತನಕವೂ, ಒಂದು ಬಿಳಿ ಗುಹೆ ಇತ್ತು. ಗುಹೆಯ ಬಾಯಲ್ಲಿ ಒಂದು ಗುಬ್ಬಿ. ಹಗಲಿಲ್ಲ ಇರುಳಿಲ್ಲ, ‘ಚಿಕ್-ಚ್ವೀ, ಚಿಕ್-ಚ್ವೀ’ ಅನ್ನುವುದೊಂದೇ ಅದರ ಕೆಲಸ. ಯಾರಾದರೂ ಬಂದು ಗುಹೆಯೊಳಗೆ ಅಲ್ಲಾಡದೆ ಮಲಗಿದರೆ ಸಾಕು, ಗುಬ್ಬಿ ಅವರನ್ನು ಕತೆಯೊಳಗೆ ಕರೆದುಕೊಂಡು ಹೋಗುತ್ತಿತ್ತು. ಮೊದಲು ಬಡಗಿ ಬಂದು ಬಾಗಿಲು ಬಡಿಯುತ್ತಿದ್ದ, ಟಕ್ ಟಕ್ ಟಕ್. ಆಮೇಲೆ ಜೇನುಹುಳಗಳ ದಂಡು ಜೂಂ ಎಂದು ಬರುತ್ತಿತ್ತು. ಅದರ ಬೆನ್ನಿಗೇ ರಾಕ್ಷಸ ಬಂದು, ಬಿದ್ದುಕೊಂಡು, ಗೊರಕೆ ಹೊಡೆಯುತ್ತಿದ್ದ. ಕೊನೆಗೆ ಕಲ್ಲುದಾರಿಯ ಮೇಲೆ ಗಾಡಿ ದಡದಡ ಓಡಿ ಮನೆ ಸೇರುತ್ತಿತ್ತು. ಎಲ್ಲರೂ ಹೋದ ಮೇಲೆ ಉಳಿಯುತ್ತಿದ್ದುದು ಗುಬ್ಬಿ ಒಂದೇ. ಕತೆ ಕೇಳಿದವರು ‘ಹೂಂ’ ಅಂದರೆ ಬಾಗಿಲು ತೆರೆಯುತ್ತಿತ್ತು.

ಒಂದು ದಿನ ಜನ ಬಂದು ಆ ಗುಹೆಯನ್ನೇ ಕಿತ್ತುಕೊಂಡು ಹೋದರು.

ಗುಹೆ ಅಂದರೆ ಆಸ್ಪತ್ರೆಯ ನೆಲಮಹಡಿಯಲ್ಲಿ, ಉದ್ದ ಕಾರಿಡಾರಿನ ಕೊನೆಯ ಕೋಣೆಯಲ್ಲಿ ಹದಿನಾರು ವರ್ಷ ದುಡಿದಿದ್ದ ಎಂಆರ್‌ಐ ಯಂತ್ರ. ಅದರ ಸದ್ದುಗಳಿಗೆ ಕತೆ ಕಟ್ಟಿದವಳು ಸ್ಕ್ಯಾನಿಂಗ್ ವಿಭಾಗದಲ್ಲಿ ಯಂತ್ರಗಳ ಭೌತಶಾಸ್ತ್ರ ನೋಡಿಕೊಳ್ಳುವ ಫಿಸಿಸಿಸ್ಟ್ ಹುಡುಗಿ. ಕಾಗದದ ಮೇಲೆ ಅವಳ ಹುದ್ದೆಗೆ ಒಂದೂವರೆ ಸಾಲಿನ ಹೆಸರಿತ್ತು. ಆದರೆ ನಡೆಯುವಾಗ ಗೋಡೆಗೆ ಡಿಕ್ಕಿ ಹೊಡೆದು ಗೋಡೆಗೇ ‘ಸಾರಿ’ ಹೇಳುವಷ್ಟು ತನ್ನದೇ ಗುಂಗಿನಲ್ಲಿ ಇರುತ್ತಿದ್ದವಳನ್ನು ಎಲ್ಲರೂ ಕರೆಯುತ್ತಿದ್ದುದು ಗುಂಗಿ ಎಂದೇ. ಆ ಹೆಸರಿಟ್ಟವರು ಯಂತ್ರ ನಡೆಸುವ ಟೆಕ್ನೀಷಿಯನ್. ಅವರಿಗೆ ಐವತ್ತು ದಾಟಿತ್ತು, ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ. ಇಡೀ ಆಸ್ಪತ್ರೆಗೆ ಅವರು ಅಕ್ಕ.

ಕತೆ ಹುಟ್ಟಿದ್ದು ತಂಗಿಗಾಗಿ. ತಂಗಿ ಅಂದರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯ ಟೈಲರ್ ಅಣ್ಣನ ತಂಗಿ. ಅವರು ‘ನಮ್ಮ ತಂಗಿ, ನಮ್ಮ ತಂಗಿ’ ಅನ್ನುತ್ತಿದ್ದುದನ್ನು ಕೇಳಿ ಕೇಳಿ ಡಾಕ್ಟರುಗಳೂ ಹಾಗೆಯೇ ಕರೆಯುತ್ತಿದ್ದರು. ವಯಸ್ಸು ಮೂವತ್ತೆರಡು, ಮನಸ್ಸು ಆರೇಳು ವರ್ಷದ ಮಗುವಿನದು. ಅವಳ ಮಿದುಳಿನ ಬುಡದಲ್ಲಿ ಕಡಲೆ ಗಾತ್ರದ ಒಂದು ಗಡ್ಡೆ ಇತ್ತು. ಅದು ಸುಮ್ಮನಿರುವಷ್ಟು ದಿನ ಸುಮ್ಮನಿರಲಿ, ಬೆಳೆದರೆ ಮಾತ್ರ ಕತ್ತರಿ ಹಾಕೋಣ ಎಂದು ದೊಡ್ಡ ಡಾಕ್ಟರ್ ಹೇಳಿದ್ದರು. ಬೆಳೆದಿದೆಯೋ ಇಲ್ಲವೋ ತಿಳಿಯಲು ಆರು ತಿಂಗಳಿಗೊಮ್ಮೆ ಯಂತ್ರದೊಳಗೆ ಹತ್ತೊಂಬತ್ತು ನಿಮಿಷ ಕದಲದೆ ಮಲಗಬೇಕಿತ್ತು.

ನಾಲ್ಕು ವರ್ಷದ ಹಿಂದೆ ಮೊದಲ ಸಲ ಬಂದಾಗ ತಂಗಿ ಆ ಸದ್ದಿಗೆ ಹೆದರಿ ಕೋಣೆಯಿಂದ ಓಡಿದ್ದಳು. ಬೇರೆ ದಾರಿ ಕಾಣದೆ ಅರಿವಳಿಕೆ ಕೊಟ್ಟು ಮಲಗಿಸಿದರು. ಹುಟ್ಟಿನಿಂದಲೇ ಸೊರಗಿದ ಹೃದಯ ಅವಳದು. ಎದ್ದೇಳಲು ಎರಡು ದಿನ ಹಿಡಿಯಿತು, ಆ ಎರಡು ದಿನ ಐಸಿಯು ಬಾಗಿಲಲ್ಲಿ ಟೈಲರ್ ಅಣ್ಣ ನಿಂತೇ ಇದ್ದರು. ಅರಿವಳಿಕೆ ಡಾಕ್ಟರಮ್ಮ ಹೊರಬಂದು, “ಈ ಸಲ ದಾಟಿಸಿದ್ದೀನಿ. ಪ್ರತಿ ಸಲ ದಾಟಿಸ್ತೀನಿ ಅಂತ ನನ್ನ ಕೈಲಿ ಹೇಳಿಸಬೇಡಿ” ಅಂದಿದ್ದರು.

ಮುಂದಿನ ಸಲ ಗುಂಗಿ ತಂಗಿಯ ಜೊತೆ ಒಳಗೇ ಹೋದಳು. ಕಿವಿಗೆ ಮೆತ್ತನೆಯ ಬಿರಡೆ ಇಟ್ಟು, ಅವಳ ಕಾಲಿನ ಹೆಬ್ಬೆರಳು ಹಿಡಿದುಕೊಂಡು, ಕೇಳಿಸಿದ ಸದ್ದಿಗೆಲ್ಲ ಒಂದೊಂದು ಪಾತ್ರ ಹಚ್ಚುತ್ತಾ ಹೋದಳು. ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಬೆಳೆದವಳಿಗೆ ಅದೇನು ಮಹಾ ಕಷ್ಟ? ಅದು ಗುಬ್ಬಿ, ನೋಡು. ಇವನು ಬಡಗಿ. ಕತೆ ಕೇಳುವವರು ಹೂಂಗುಟ್ಟಬೇಕು ತಾನೇ? ಆದರೆ ಸದ್ದು ನಡೆಯುವಾಗ ತುಟಿ ಅಲ್ಲಾಡಬಾರದು, ಸದ್ದು ನಿಂತ ಮೇಲೆ ಹೂಂ ಅನ್ನಬೇಕು. ತಂಗಿಗೆ ಈ ಆಟ ಹಿಡಿಸಿಬಿಟ್ಟಿತು. ಅದರ ಮುಂದಿನ ಸಲದಿಂದ ಗುಂಗಿ ಒಳಗೆ ಹೋಗುವುದೂ ಬೇಕಾಗಲಿಲ್ಲ. ಆರು ತಿಂಗಳಿಗೊಮ್ಮೆ ತಂಗಿ ಬಂದು ಕಲ್ಲಿನಂತೆ ಮಲಗಿ ಕತೆ ಕೇಳಿ ಎದ್ದು ಹೋಗುವಳು.

ಹೀಗಿರುವಾಗ ಹಳೆಯ ಯಂತ್ರಕ್ಕೆ ವಯಸ್ಸಾಯಿತು, ಬೇರೆ ಕಂಪನಿಯ ಹೊಸ ಯಂತ್ರ ಬರುತ್ತದೆ ಎಂಬ ಸುದ್ದಿ ಹಬ್ಬಿತು. ಹಳೆಯದರಲ್ಲಿ ತಂಗಿಯ ಕೊನೆಯ ಸ್ಕ್ಯಾನ್ ಆದ ದಿನ ಟೈಲರ್ ಅಣ್ಣ ಕಾರಿಡಾರಿನ ಬೆಂಚಿನ ಮೇಲೆ ಕೂತು, ಕುತ್ತಿಗೆಯ ಟೇಪನ್ನು ಬೆರಳಿಗೆ ಸುತ್ತುತ್ತಾ ಕೇಳಿದರು.

“ಮೇಡಂ, ಹೊಸ ಮಷೀನು ಬರುತ್ತಂತಲ್ಲ?”

“ಬರುತ್ತೆ ಅಣ್ಣ. ಚಿತ್ರ ಇನ್ನೂ ಚೆನ್ನಾಗಿ ಬರುತ್ತೆ.”

“ಚಿತ್ರ ಬರ್ಲಿ ಬಿಡಿ. ಕತೆ ಬರುತ್ತಾ?”

ತಂಗಿ ಅಣ್ಣನ ತೋಳಿನ ಹಿಂದಿನಿಂದ ಇಣುಕಿ ಗುಂಗಿಯನ್ನೇ ನೋಡುತ್ತಿದ್ದಳು.

“ಬರುತ್ತೆ” ಅಂದುಬಿಟ್ಟಳು ಗುಂಗಿ. “ಅದೇ ಕತೆ. ಒಂದು ಟಕ್ ಕೂಡ ಆಚೀಚೆ ಆಗಲ್ಲ. ಮಾತು ಕೊಟ್ಟೆ, ಸರಿನಾ?”

“ಹೂಂ” ಅಂದಳು ತಂಗಿ.

ಒಳಗೆ ಬಂದ ಕೂಡಲೇ ಅಕ್ಕ ಹಿಡಿದುಕೊಂಡರು. “ಎಲ್ಲಾ ಕೇಳಿಸ್ಕೊಂಡೆ. ಅಲ್ವೇ ಗುಂಗಿ, ಒಂದು ಕಂಪನಿ ಮಷೀನಿನ ಭಾಷೆ ಇನ್ನೊಂದಕ್ಕೆ ಅರ್ಥ ಆಗುತ್ತೇನೇ? ನಮ್ಮ ಹಳೇದರಲ್ಲಿ ಒಂದು ಗುಂಡಿ ಒತ್ತೋದು ಕಲಿಯೋಕೆ ನನಗೆ ಮೂರು ವರ್ಷ ಹಿಡೀತು. ಹೊಸದು ಬಂದ ದಿನವೇ ಇದರ ರಾಗ ಹಾಡುತ್ತಾ?”

“ಹಾಡಿಸಬಹುದು ಅಕ್ಕ.”

“ನಿನ್ನ ಬಾಯಿಗೆ ಬೀಗ ಇಲ್ಲ.”

ಹಾಡಿಸಬಹುದು ಎಂದು ಗುಂಗಿ ಬಾಯಿಗೆ ಬಂದಂತೆ ಹೇಳಿರಲಿಲ್ಲ. ಯಂತ್ರದೊಳಗಿನ ತಂತಿಯ ಸುರುಳಿಗಳಲ್ಲಿ ವಿದ್ಯುತ್ತು ಬಿಟ್ಟು ಬಿಟ್ಟು ಹರಿದಾಗ ಅವು ನಡುಗುತ್ತವೆ, ಆ ನಡುಕವೇ ಸದ್ದು. ಯಾವ ಕ್ಷಣದಲ್ಲಿ, ಯಾವ ದಿಕ್ಕಿಗೆ, ಎಷ್ಟು ಜೋರಾಗಿ, ಎಷ್ಟು ಹೊತ್ತು, ಮತ್ತು ದೇಹದಿಂದ ಮರಳಿ ಬರುವ ಸಣ್ಣ ದನಿಗೆ ಯಾವಾಗ ಕಿವಿಗೊಡಬೇಕು ಎಂದು ಸಾಲು ಸಾಲಾಗಿ ಬರೆದಿಟ್ಟ ಪಟ್ಟಿಗೆ ಪಲ್ಸ್ ಸೀಕ್ವೆನ್ಸ್ ಎನ್ನುತ್ತಾರೆ. ಪ್ರತಿ ಕಂಪನಿಯೂ ಆ ಪಟ್ಟಿಯನ್ನು ತನ್ನದೇ ಭಾಷೆಯಲ್ಲಿ ಬರೆದು ಬೀಗ ಹಾಕಿಕೊಂಡಿರುತ್ತದೆ. ಇದರಿಂದ ಬೇಸತ್ತ ಕೆಲವರು, ಒಬ್ಬರ ಮುಖ ಒಬ್ಬರು ಕಾಣದ ದೂರದೂರದ ಜನ, ಎಲ್ಲ ಯಂತ್ರಗಳಿಗೂ ಸಲ್ಲುವ ಒಂದು ಲಿಪಿ ಮಾಡಿದ್ದರು. ಬರಿ ಅಕ್ಷರ ಮತ್ತು ಅಂಕಿಗಳ ಫೈಲು. ಜೊತೆಗೆ ಒಂದೊಂದು ಕಂಪನಿಯ ಯಂತ್ರಕ್ಕೂ ಒಬ್ಬ ದುಭಾಷಿಯಂತೆ ಕೂತು ಆ ಫೈಲನ್ನು ಓದಿ ಹೇಳುವ ಸಾಫ್ಟ್‌ವೇರು. ಎಲ್ಲವೂ ಓಪನ್ ಸೋರ್ಸ್. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಿಕೊಳ್ಳಬಹುದು.

ಟೈಲರ್ ಅಣ್ಣನಿಗೆ ಇದನ್ನು ವಿವರಿಸಿದಾಗ ಅವರು ಅರೆಗಳಿಗೆಯಲ್ಲಿ ಹಿಡಿದುಬಿಟ್ಟರು. “ಅಂದ್ರೆ ಅಳತೆ ಚೀಟಿ. ಚೀಟಿ ಸರಿಯಾಗಿದ್ರೆ ಯಾರ ಮಷೀನಲ್ಲಿ ಹೊಲಿದ್ರೂ ಅಂಗಿ ಅದೇ.”

ದೊಡ್ಡ ಡಾಕ್ಟರಿಗೂ ಈ ಯೋಚನೆ ಹಿಡಿಸಿತು, ಅವರ ಕಾರಣ ಬೇರೆ. ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಒಂದರ ಮೇಲೊಂದು ಇಟ್ಟು ನೋಡಬೇಕಾದರೆ ಎರಡನ್ನೂ ಒಂದೇ ರೀತಿ ತೆಗೆದಿರಬೇಕು. ಆಸ್ಪತ್ರೆಯ ಸುರಕ್ಷತಾ ಸಮಿತಿಗೆ ಅರ್ಜಿ ಹೋಯಿತು, ಒಪ್ಪಿಗೆ ಬಂತು. ಹಳೆಯ ಯಂತ್ರ ಹೊರಡಲು ಆರು ವಾರವಿತ್ತು. ಗುಂಗಿ ಒಂದೊಂದೇ ಪಾತ್ರವನ್ನು ಹೊಸ ಲಿಪಿಯಲ್ಲಿ ಬರೆದಳು. ಬಡಗಿ ಮುಗಿದ, ಜೇನು ಮುಗಿಯಿತು, ರಾಕ್ಷಸ ಮುಗಿದ, ಗಾಡಿ ಮನೆ ಸೇರಿತು. ಕೋಣೆಯ ಮೈಕಿನಿಂದ ಹಳೆಯ ಸದ್ದನ್ನೆಲ್ಲ ಮುದ್ರಿಸಿಕೊಂಡಳು. ಹಳೆಯ ಸದ್ದೂ ತನ್ನ ಫೈಲಿನಿಂದ ಹೊರಡಬೇಕಾದ ಸದ್ದೂ ತಾಳೆಯಾಗುತ್ತವೋ ಎಂದು ಕಂಪ್ಯೂಟರಿನಲ್ಲಿ ಜೋಡಿಸಿ, ಹಿಂದೆ ಗುಯ್ಗುಡುತ್ತಿದ್ದ ಗದ್ದಲವನ್ನೆಲ್ಲ ಸೋಸಿ ತೆಗೆದು, ಗೆರೆಗೆ ಗೆರೆ ಕೂಡಿಸಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಗೋಡೆ ಒಡೆದು ಹಳೆಯ ಯಂತ್ರವನ್ನು ಹೊರಗೆಳೆದರು, ಅದೇ ಕಿಂಡಿಯಿಂದ ಹೊಸದನ್ನು ಒಳಗೆ ತಳ್ಳಿದರು. ಹೊಸದರ ಜೊತೆ ಕಂಪನಿಯ ಎಂಜಿನಿಯರ್ ಒಬ್ಬ ಬಂದ. ಇಸ್ತ್ರಿ ಕೆಡದ ಅಂಗಿಯ, ಯಾವುದಕ್ಕೂ ‘ನೋಡೋಣ’ ಅನ್ನುವ ಯುವಕ. ಅವನಿಗೆ ಅಕ್ಕ ಇಟ್ಟ ಹೆಸರು ನೋಡೋಣಪ್ಪ. ನೋಡೋಣಪ್ಪನ ಯಂತ್ರ ಉಳಿದ ಮೂರು ಪಾತ್ರಗಳನ್ನು ಓದಿತು, ಜೇನಿನ ಬಳಿ ಮಾತ್ರ ಹಟ ಹಿಡಿದು ನಿಂತಿತು.

“ಈ ಶ್ರುತೀಲಿ ನುಡಿಸಿದ್ರೆ ನಮ್ಮ ಮಷೀನಿನ ಮೂಳೇನೇ ಅದುರುತ್ತೆ ಮೇಡಂ” ಅಂದ ಅವನು. “ಪ್ರತಿ ಮಷೀನಿಗೂ ಅಂಥದ್ದೊಂದು ಶ್ರುತಿ ಇರುತ್ತೆ. ಅದಕ್ಕೆ ಬೇಲಿ ಹಾಕಿದ್ದೀವಿ.”

ಲಿಪಿ ಮಾಡಿದವರ ಚರ್ಚೆಯ ತಾಣದಲ್ಲಿ ಗುಂಗಿ ತನ್ನ ಗೋಳು ಬರೆದಳು. ಕಡಲಾಚೆಯ ಯಾವುದೋ ಪ್ರಯೋಗಾಲಯದಲ್ಲಿ ಕೂತವರೊಬ್ಬರು ಮರುದಿನವೇ ಉತ್ತರಿಸಿದರು: ಶ್ರುತಿಯನ್ನು ಕೂದಲಷ್ಟು ಇಳಿಸು, ಚಿತ್ರ ಕೆಡುವುದಿಲ್ಲ. ಇಳಿಸಿದಳು. ಜೇನಿನ ದನಿ ತುಸು ದಪ್ಪವಾಯಿತು, ಯಂತ್ರ ಒಪ್ಪಿಕೊಂಡಿತು. ಭಾನುವಾರದ ಬೆಳಗುಗಳಲ್ಲಿ ಕೋಣೆ ಖಾಲಿಯಿರುತ್ತಿತ್ತು. ಮೊದಲು ನೀರಿನ ಬಾಟಲಿಯನ್ನು ಮಲಗಿಸಿದಳು, ಆಮೇಲೆ ಒಂದು ಕಲ್ಲಂಗಡಿಯನ್ನು. ಬೀಜಗಳೆಲ್ಲ ಎಣಿಸುವಷ್ಟು ಸ್ಪಷ್ಟವಾಗಿ ಬಂದವು. ಮೂರನೇ ವಾರ ತಾನೇ ಮಲಗಿದಳು. ಹೊರಗೆ ಕಣ್ಣು ಮುಚ್ಚಿ ಕೇಳುತ್ತಿದ್ದ ಅಕ್ಕ, “ಅದೇ ಗೊರಕೆ. ನಮ್ಮ ಯಜಮಾನರನ್ನ ಮನೇಲಿ ಬಿಟ್ಟು ಬಂದ್ರೂ ಗೊರಕೆ ತಪ್ಪಲಿಲ್ಲ ನೋಡು” ಅಂದರು. ಗುಂಗಿ ಆ ದಿನ ಮನೆಗೆ ಹೋದದ್ದು ನೆಲದ ಮೇಲಲ್ಲ, ಗಾಳಿಯಲ್ಲಿ.

ತಂಗಿ ಬಂದದ್ದು ಸೋಮವಾರ ಬೆಳಿಗ್ಗೆ. ಅಕ್ಕ ಬಾಗಿಲಲ್ಲೇ ಟೈಲರ್ ಅಣ್ಣನನ್ನು ತಡೆದರು. “ಕಾಲರಿನಲ್ಲಿರೋ ಗುಂಡುಸೂಜಿ ಎಲ್ಲಾ ಇಲ್ಲೇ ಇಡಿ. ಇಲ್ಲಾಂದ್ರೆ ಈ ಮಷೀನೇ ನಿಮ್ಮನ್ನ ಹೊಲಿದುಬಿಡುತ್ತೆ.” ತಂಗಿ ನಕ್ಕಳು. ಹೊಸ ಯಂತ್ರವನ್ನು ಸುತ್ತಿ ಬಂದಳು, ಬೆನ್ನು ತಟ್ಟಿದಳು, ತಾನಾಗಿಯೇ ಹತ್ತಿ ಮಲಗಿದಳು. ಗುಂಗಿ ಅವಳ ಕೈಗೆ ರಬ್ಬರಿನ ಗುಂಡು ಕೊಟ್ಟಳು, ಬೇಡವೆನಿಸಿದಾಗ ಅದುಮಿದರೆ ಹೊರಗೆ ಗಂಟೆ ಮೊಳಗುತ್ತದೆ. ಮಂಚ ಒಳಕ್ಕೆ ಸರಿಯಿತು. ಎಲ್ಲರೂ ಗಾಜಿನ ಆಚೆ ಸೇರಿದರು. ಟಕ್ ಟಕ್ ಟಕ್.

ಗಂಟೆ ಮೊಳಗಿತು.

“ಏನಾಯ್ತು ತಂಗಿ?” ಅಂದಳು ಗುಂಗಿ ಮೈಕಿನಲ್ಲಿ.

“ಗುಬ್ಬಿ ಬಂದಿಲ್ಲ.”

“ಬಡಗಿ ಬಂದ್ನಲ್ಲ, ಕೇಳಿಸ್ಲಿಲ್ವಾ?”

“ಗುಬ್ಬಿ ಬಂದಿಲ್ಲ. ಬಡಗಿ ಹೆಂಗೆ ಬಂದ? ಬಾಗಿಲು ತೆಗೆದವರು ಯಾರು?”

ಮತ್ತೊಮ್ಮೆ ಮಾಡಿದರು, ಮತ್ತೆ ಗಂಟೆ. ಮೂರನೆಯ ಸಲ ಗಂಟೆಯ ಜೊತೆ ಅಳು ಬಂತು. ಹೊರಗೆ ಬಂದ ತಂಗಿ ಗುಂಗಿಯ ಕಡೆ ನೋಡಲಿಲ್ಲ. ಅಣ್ಣನ ಅಂಗಿಯಲ್ಲಿ ಮುಖ ಹುದುಗಿಸಿ, “ಅವಳು ಸುಳ್ಳಿ” ಅಂದಳು.

ಗುಂಗಿಗೆ ಆಗ ಅರ್ಥವಾಯಿತು. ಚಿಕ್-ಚ್ವೀ ಅನ್ನುತ್ತಿದ್ದುದು ಸೀಕ್ವೆನ್ಸ್ ಅಲ್ಲವೇ ಅಲ್ಲ. ಯಂತ್ರದ ಅಯಸ್ಕಾಂತವನ್ನು ತಣ್ಣಗಿಡುವ ಪಂಪಿನ ಸದ್ದು ಅದು. ಹಳೆಯದರಲ್ಲಿ ಕೋಣೆಯಲ್ಲೇ ಕೇಳಿಸುತ್ತಿತ್ತು, ಹೊಸದರ ಪಂಪು ಬೆಕ್ಕಿನ ಉಸಿರಿನಷ್ಟೂ ಸದ್ದು ಮಾಡುತ್ತಿರಲಿಲ್ಲ. ಯಾವ ಪಟ್ಟಿಯಲ್ಲೂ ಬರೆದಿರದ ಗುಬ್ಬಿ ಅದು. ಸಾಲದ್ದಕ್ಕೆ, ಮುದ್ರಿಸಿಕೊಂಡಿದ್ದ ಸದ್ದಿನಿಂದ ಗದ್ದಲ ಎಂದು ತಾನೇ ಸೋಸಿ ಎಸೆದಿದ್ದಳಲ್ಲ, ಅದೇ ಈ ಗುಬ್ಬಿ. ಸೋಸದ ಮೂಲವನ್ನು ಇಟ್ಟುಕೊಂಡಿರಲೂ ಇಲ್ಲ.

ದೊಡ್ಡ ಡಾಕ್ಟರ್ ಕೆಟ್ಟವರಲ್ಲ. ಗಡಿಯಾರ ನೋಡಿದರು, ಕನ್ನಡಕ ಒರೆಸಿದರು. “ಈಗಾಗಲೇ ಏಳು ತಿಂಗಳಾಗಿದೆಯಮ್ಮ. ಇನ್ನು ಕಾಯೋಕಾಗಲ್ಲ. ಮುಂದಿನ ಸೋಮವಾರ ಹನ್ನೊಂದಕ್ಕೆ ಅರಿವಳಿಕೆಯವರನ್ನ ಕರೆಸ್ತೀನಿ. ಹತ್ತಕ್ಕೆ ನೀನು ಇನ್ನೊಂದ್ಸಲ ಪ್ರಯತ್ನ ಮಾಡು. ಆಗದೇ ಹೋದ್ರೆ…” ಟೈಲರ್ ಅಣ್ಣ ಕಾಲರಿಗೆ ಗುಂಡುಸೂಜಿ ಚುಚ್ಚಿಕೊಳ್ಳುತ್ತಾ ಇದ್ದರು. ಒಂದು ಬೆರಳಿಗೆ ಚುಚ್ಚಿತು, ಅವರಿಗೆ ಗೊತ್ತೇ ಆಗಲಿಲ್ಲ.

“ಸ್ಪೀಕರಿನಲ್ಲಿ ಒಂದು ಹಕ್ಕಿ ಕೂಗು ಹಾಕಿದ್ರೆ ಆಯ್ತಪ್ಪ” ಅಂದರು ಅಕ್ಕ. ಮಂಗಳವಾರ ತಂಗಿಯನ್ನು ಮತ್ತೆ ಕರೆಸಿ ಅದನ್ನೂ ಮಾಡಿ ನೋಡಿದರು. ಕಡಲಾಚೆಯವರು ಪಾಪ, ಅದೇ ಮಾದರಿಯ ತಮ್ಮ ಹಳೆಯ ಯಂತ್ರದ ಪಂಪಿನ ಸದ್ದನ್ನು ಮುದ್ರಿಸಿ ಕಳಿಸಿದ್ದರು. ಗಾಳಿಯ ಕೊಳವೆಯಿಂದ ಸದ್ದು ತರುವ ಹೆಡ್‌ಫೋನಿನಲ್ಲಿ ಅದನ್ನು ಕೇಳಿಸಿದರೆ ತಂಗಿ ಹೆಡ್‌ಫೋನು ಕಿತ್ತು ಕೈಗೆ ಕೊಟ್ಟಳು. “ಇದು ಪಕ್ಕದ್ಮನೆ ಗುಬ್ಬಿ. ಆಮೇಲೆ ಗುಬ್ಬಿ ಕಿವೀಲಿ ಇರಲ್ಲ. ಗುಹೇಲಿರುತ್ತೆ.”

ಆ ಸಂಜೆ ಮನೆಯಲ್ಲಿ ಅಜ್ಜಿ ಕಿಟಕಿಯ ಬಳಿ ಕೂತು ಬಟಾಣಿ ಬಿಡಿಸುತ್ತಿದ್ದಳು. ಮರೆವು ಅಜ್ಜಿಯನ್ನು ಅಂಚಿನಿಂದ ಕೊರೆಯಲು ಶುರುಮಾಡಿ ಎರಡು ವರ್ಷವಾಗಿತ್ತು. ಆದರೂ ಮೊಮ್ಮಗಳ ಮುಖ ಬಾಡಿದ್ದರೆ ಅವಳಿಗೆ ಗೊತ್ತಿದ್ದ ಮದ್ದು ಒಂದೇ.

“ಬಾ, ಕತೆ ಹೇಳ್ತೀನಿ. ಒಬ್ಬ ರಾಜಕುಮಾರಿ ಇದ್ಳಂತೆ. ಅವಳ ಚಿನ್ನದ ಬಾಚಣಿಗೆ ಕಳೆದುಹೋಯ್ತಂತೆ. ಹುಡುಕ್ಕೊಂಡು ಹುಡುಕ್ಕೊಂಡು ಅವಳು… ಎಲ್ಲಿಗೆ ಹೋದ್ಲೇ?”

“ಬಾವಿ ಹತ್ರ ಅಜ್ಜಿ.”

“ಹಾಂ, ಬಾವಿ ಹತ್ರ. ಬಾವೀಲಿ ಏನಿತ್ತು?”

“ಆಮೆ. ಮೂರು ಪ್ರಶ್ನೆ ಕೇಳುತ್ತೆ.”

“ಅಯ್ಯೋ, ನೋಡಿದ್ಯಾ!” ಅಜ್ಜಿ ಬಟಾಣಿಯ ಸಿಪ್ಪೆಯಿಂದ ಅವಳ ಮೂಗಿಗೆ ತಿವಿದಳು. “ಹೇಳ್ದೋಳ ಹತ್ರ ಇಲ್ಲ, ಎಲ್ಲಾ ಕೇಳ್ದೋಳ ಹತ್ರ ಭದ್ರವಾಗಿದೆ.”

ಗುಂಗಿ ಆಮೆಯ ಮೊದಲ ಪ್ರಶ್ನೆ ಹೇಳಹೊರಟವಳು ಬಾಯಿ ತೆರೆದೇ ಕೂತುಬಿಟ್ಟಳು. ಕೇಳಿದವಳು. ನಾಲ್ಕು ವರ್ಷ ಕೇಳಿದವಳು.

ಮರುದಿನ ಅವಳು ಟೈಲರ್ ಅಂಗಡಿಯ ಮೆಟ್ಟಿಲು ಹತ್ತಿದಾಗ ತಂಗಿ ನೆಲದ ಮೇಲೆ ಚಾಪೆ ಹಾಸಿಕೊಂಡು ಗುಂಡಿಗಳನ್ನು ಬಣ್ಣದ ಪ್ರಕಾರ ಡಬ್ಬಿಗೆ ತುಂಬುತ್ತಿದ್ದಳು. ಗುಂಗಿಯನ್ನು ಕಂಡು ಗೋಡೆಯ ಕಡೆ ತಿರುಗಿ ಕೂತಳು.

“ತಪ್ಪಾಯ್ತು ತಂಗಿ” ಅಂದಳು ಗುಂಗಿ. “ಗುಬ್ಬೀನ ನಾನೇ ಓಡಿಸಿಬಿಟ್ಟೆ. ಅದು ಹೆಂಗೆ ಕೂಗ್ತಿತ್ತು ಅಂತ ನನಗೀಗ ಗೊತ್ತಿಲ್ಲ. ನಿನಗೆ ಗೊತ್ತಾ? ಒಂದ್ಸಲ ಕೂಗಿ ತೋರಿಸ್ತೀಯಾ?”

“ನಾನು ಗುಬ್ಬಿ ಅಲ್ಲ. ತಂಗಿ.”

ಟೈಲರ್ ಅಣ್ಣ ನಗು ತಡೆದುಕೊಂಡರು. “ಕೇಳಿದ್ರೆ ಬರಲ್ಲ ಮೇಡಂ. ನೀವು ಸುಮ್ನೆ ಕೂತ್ಕೊಳ್ಳಿ. ಮಷೀನು ನಿಂತಾಗ ತಾನಾಗೇ ಬರುತ್ತೆ. ಮನೇಲಿ ದಿನಾ ಇದೇ, ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ.”

ಗುಂಗಿ ಫೋನನ್ನು ಚಾಪೆಯ ಅಂಚಿನಲ್ಲಿಟ್ಟು ತಾನೂ ಗುಂಡಿ ಆರಿಸುತ್ತಾ ಕೂತಳು. ಹೊಲಿಗೆ ಯಂತ್ರ ಒಂದು ಪ್ಯಾಂಟಿನ ಉದ್ದಕ್ಕೂ ಓಡಿತು. ನಿಂತಿತು. ಏನಿಲ್ಲ. ಇನ್ನೊಂದು ಕಾಲಿನ ಉದ್ದಕ್ಕೂ ಓಡಿತು. ನಿಂತಿತು. ಅಣ್ಣ ದಾರ ಕಚ್ಚಿ ಕಡಿದರು. ಆ ಮೌನದಲ್ಲಿ, ಗೋಡೆಗೆ ಮುಖ ಮಾಡಿಯೇ, ಯಾವ ಯೋಚನೆಯೂ ಇಲ್ಲದೆ, ತಂಗಿ ನಾಲಿಗೆಯನ್ನು ಅಂಗುಳಿಗೆ ತಾಗಿಸಿದಳು.

ಚಿಕ್… ಚ್ವೀ. ಚಿಕ್… ಚ್ವೀ.

ಅದೇ ಗುಬ್ಬಿ. ಅವಳು ಕಲ್ಪಿಸಿಕೊಂಡಿದ್ದಕ್ಕಿಂತ ನಿಧಾನ, ಚಿಕ್ ಆದಮೇಲೆ ಒಂದು ಕ್ಷಣ ಯೋಚಿಸಿ ಚ್ವೀ ಅನ್ನುವ ಗುಬ್ಬಿ. ತಂಗಿ ಎಂಟು ಸಲ ಕೂಗಿದಳು. ಆಮೇಲೆ ಒಂದು ದೊಡ್ಡ ಕರಿ ಗುಂಡಿಯನ್ನು ನೆಲಕ್ಕೆ ಕುಟ್ಟಿದಳು, ಟಕ್ ಟಕ್ ಟಕ್. ಬಡಗಿ ಬಂದಿದ್ದ. ಅವನು ಹೋದಮೇಲೆ ಮತ್ತೆ ಎರಡು ಸಲ ಗುಬ್ಬಿ. ಪ್ರತಿ ಪಾತ್ರದ ನಡುವೆಯೂ ಗುಬ್ಬಿ ಬಂದು ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಕತೆ ಕಟ್ಟಿದ್ದು ತಾನು ಎಂದುಕೊಂಡಿದ್ದವಳಿಗೆ ಕತೆಯ ಅರ್ಧ ಗೊತ್ತೇ ಇರಲಿಲ್ಲ.

ಉಳಿದ ಮೂರು ದಿನ ಗುಂಗಿ ಗುಬ್ಬಿಯನ್ನು ಬರೆದಳು. ಅಳತೆಯ ಸೀಕ್ವೆನ್ಸಿನ ಮೊದಲು, ಮಧ್ಯ ಮಧ್ಯ, ಕೊನೆಗೆ, ಸುರುಳಿಗಳನ್ನು ಬರಿದೇ ಸಣ್ಣಗೆ ನಡುಗಿಸುವ ಸಾಲುಗಳು. ದೇಹಕ್ಕೆ ಏನನ್ನೂ ಕಳಿಸುವುದಿಲ್ಲ, ದೇಹದಿಂದ ಏನನ್ನೂ ಕೇಳುವುದಿಲ್ಲ, ಸುಮ್ಮನೆ ಕೂಗುತ್ತವೆ. ನೋಡೋಣಪ್ಪ ಆ ಸಾಲುಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದ, ನಡುಕ ಮಿತಿಯೊಳಗಿದೆ ಎಂದು ಖಾತ್ರಿಪಡಿಸಿಕೊಂಡ. “ಅಲ್ಲ ಮೇಡಂ, ಇಪ್ಪತ್ತು ವರ್ಷದಿಂದ ನಮ್ಮ ಕಂಪನಿ ಈ ಸದ್ದು ಕಡಿಮೆ ಮಾಡೋಕೆ ಒದ್ದಾಡ್ತಿದೆ. ನೀವು ವಾಪಸ್ ತಂದು ಕೂರಿಸ್ತಿದ್ದೀರಲ್ಲ!” ಅಂದ. ಆದರೂ ಬದಲಾವಣೆಯ ವಿಷಯ ಸಮಿತಿಗೆ ತಿಳಿಸುವ ಪತ್ರಕ್ಕೆ ತಾನೂ ಸಹಿ ಹಾಕಿದ, ‘ನೋಡೋಣ’ ಅನ್ನಲಿಲ್ಲ. ಶನಿವಾರ ಒಪ್ಪಿಗೆ ಬಂತು.

ಫೈಲನ್ನು ಎಲ್ಲರಿಗೂ ಕಾಣುವಲ್ಲಿ ಇಟ್ಟ ಕೂಡಲೇ ಕಡಲಾಚೆಯವರ ಪ್ರಶ್ನೆ ಬಂತು: ಮೊದಲ ಇಷ್ಟು ಸಾಲುಗಳು ಯಾವ ಅಳತೆಯನ್ನೂ ಮಾಡುತ್ತಿಲ್ಲವಲ್ಲ, ಮರೆತು ಉಳಿದಿವೆಯೇ, ತೆಗೆದುಬಿಡಲೇ? ಗುಂಗಿ ಆ ಸಾಲುಗಳ ತಲೆಯ ಮೇಲೆ ಒಂದು ಟಿಪ್ಪಣಿ ಬರೆದಳು: ‘ಇದು ಗುಬ್ಬಿ. ದಯವಿಟ್ಟು ಓಡಿಸಬೇಡಿ.’ ಕೆಳಗೆ ಕಾರಣವನ್ನೂ ವಿವರಿಸಿದಳು. ಬರೆದವರ ಹೆಸರಿನ ಜಾಗದಲ್ಲಿ ತನ್ನ ಹೆಸರಿನ ಮುಂದೆ ತಂಗಿಯದನ್ನು ಸೇರಿಸಿದಳು.

ಭಾನುವಾರ ಅಕ್ಕನನ್ನೇ ಒಳಗೆ ಮಲಗಿಸಿದಳು.

“ಹೆಂಗಿದೆ ಅಕ್ಕ?”

“ತುಕ್ಕು ಹಿಡಿದ ಗೇಟು.”

ಗುಂಗಿ ತಿದ್ದಿದಳು. “ಈಗ?”

“ಈಗ ಗೇಟಿಗೆ ಎಣ್ಣೆ ಹಾಕ್ದಂಗಿದೆ. ಅಲ್ವೇ, ಚ್ವೀ ಆದಮೇಲೆ ಒಂದು ಉಸಿರಿತ್ತಲ್ಲ. ಹ್ಹ ಅಂತ. ಹದಿನಾರು ವರ್ಷ ಅದರ ಪಕ್ಕ ಕೂತು ಊಟ ಮಾಡಿದ್ದೀನಿ, ನನಗೆ ಗೊತ್ತಿಲ್ವಾ?”

ಗುಂಗಿ ತಂಗಿಯ ಮುದ್ರಿತ ದನಿಯನ್ನು ಮತ್ತೆ ಕೇಳಿದಳು. ಉಸಿರು ಇತ್ತು. ತಂಗಿಯದೇ ಉಸಿರು ಎಂದು ಬಿಟ್ಟುಬಿಟ್ಟಿದ್ದಳು. ಮತ್ತೊಮ್ಮೆ ಸೋಸಿ ಎಸೆಯುವುದರಲ್ಲಿದ್ದೆನಲ್ಲ ಎಂದು ತಲೆ ಚಚ್ಚಿಕೊಂಡು ಉಸಿರನ್ನೂ ಬರೆದು ನೋಡೋಣಪ್ಪನಿಗೆ ತೋರಿಸಿ ಸರಿ ಅನ್ನಿಸಿಕೊಂಡಳು. ಈ ಸಲ ಮಂಚ ಹೊರಕ್ಕೆ ಸರಿದಾಗ ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದರು.

“ಅಳು ಅಲ್ಲ. ಎಸಿ ಗಾಳಿ” ಅಂದರು.

ಸೋಮವಾರ ಹತ್ತು ಗಂಟೆ. ಅರಿವಳಿಕೆ ಡಾಕ್ಟರಮ್ಮ ತಮ್ಮ ಗಾಲಿಮೇಜಿನೊಂದಿಗೆ ಒಂದು ಗಂಟೆ ಮೊದಲೇ ಬಂದು ಕಾರಿಡಾರಿನಲ್ಲಿ ಕೂತಿದ್ದರು. ಟೈಲರ್ ಅಣ್ಣ ಆ ಮೇಜಿನ ಕಡೆ ನೋಡದಿರಲು ಗಾಜಿಗೆ ಮೂಗು ಅಂಟಿಸಿ ನಿಂತರು. ತಂಗಿ ಯಂತ್ರ ಹತ್ತಿದಳು, ಆದರೆ ಮುಖ ಗಂಟು ಹಾಕಿಕೊಂಡೇ. ರಬ್ಬರಿನ ಗುಂಡನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು, ಇನ್ನೇನು ಅದುಮುತ್ತಾಳೆ ಎಂಬಂತೆ. ಮಂಚ ಒಳಗೆ ಸರಿಯಿತು. ಗುಂಗಿ ಗುಂಡಿಯ ಮೇಲೆ ಬೆರಳಿಟ್ಟಳು. ಅಕ್ಕ ಆ ಬೆರಳಿನ ಮೇಲೆ ತಮ್ಮ ಬೆರಳಿಟ್ಟು ಒತ್ತಿದರು.

ಚಿಕ್… ಚ್ವೀ. ಹ್ಹ.

ಚಿಕ್… ಚ್ವೀ. ಹ್ಹ.

ಗಾಜಿನಾಚೆ ತಂಗಿಯ ಪಾದಗಳು ಮಾತ್ರ ಕಾಣುತ್ತಿದ್ದವು. ಸೆಟೆದಿದ್ದ ಹೆಬ್ಬೆರಳುಗಳು ಮೂರನೇ ಕೂಗಿಗೆ ಸಡಿಲವಾದವು. ಎಂಟನೆಯದಕ್ಕೆ ಎರಡೂ ಪಾದ ಆಚೀಚೆ ಒರಗಿದವು. ಗುಬ್ಬಿ ಬಾಗಿಲು ತೆರೆಯಿತು, ಬಡಗಿ ಬಂದ. ಗಂಟೆ ಮೊಳಗಲಿಲ್ಲ. ಬಡಗಿ ತನ್ನ ಕೆಲಸ ಮುಗಿಸಿ ಹೋದ, ಮೈಕಿನಿಂದ ಪುಟ್ಟ ದನಿ ಬಂತು. “ಹೂಂ.”

ಟೈಲರ್ ಅಣ್ಣ ಬೆಂಚಿನ ಮೇಲೆ ಕುಸಿದು ಕೂತರು.

ಜೇನು ಬಂತು. ಇಳಿಸಿದ ಶ್ರುತಿ, ದಪ್ಪ ದನಿ. ಐದು ನಿಮಿಷ ಐದು ಯುಗದಂತೆ ಹೋಯಿತು. ಸದ್ದು ನಿಂತಿತು, ಗುಬ್ಬಿ ಎರಡು ಸಲ ಕೂಗಿತು. ಆಮೇಲೆ ಒಳಗಿನಿಂದ, “ಜೇನಿಗೆ ನೆಗಡಿ.”

ಅಕ್ಕ ಮೈಕು ಕಿತ್ತುಕೊಂಡರು. “ಹೌದಮ್ಮ, ಹೊಸ ಮನೆಗೆ ಬಂದಿದೆಯಲ್ಲ, ನೀರು ಒಗ್ಗಿಲ್ಲ. ಮುಂದಕ್ಕೆ ಹೇಳಲಾ?”

“ಹೂಂ.”

ರಾಕ್ಷಸ ಗೊರಕೆ ಹೊಡೆಯುತ್ತಿದ್ದಾಗಲೇ ಪರದೆಯ ಮೇಲೆ ಚಿತ್ರಗಳು ಒಂದೊಂದಾಗಿ ತೆರೆದುಕೊಂಡವು. ಎಲ್ಲೂ ಕದಡಿಲ್ಲ, ಅಂಚುಗಳೆಲ್ಲ ಚೂಪು. ದೊಡ್ಡ ಡಾಕ್ಟರ್ ಏಳು ತಿಂಗಳ ಹಿಂದಿನ ಚಿತ್ರವನ್ನು ಇದರ ಮೇಲೆ ಇಟ್ಟರು, ಸರಿಸಿದರು, ಮತ್ತೆ ಇಟ್ಟರು. ಕಡಲೆಯ ಮೇಲೆ ಕಡಲೆ ಸರಿಯಾಗಿ ಕೂತಿತು. ಅವರು ಹೊರಗೆ ಹೋಗಿ ಅರಿವಳಿಕೆ ಡಾಕ್ಟರಮ್ಮನ ಕಿವಿಯಲ್ಲಿ ಏನೋ ಹೇಳಿದರು. ಗಾಲಿಮೇಜು ಕಾರಿಡಾರಿನುದ್ದಕ್ಕೂ ಕಿರುಗುಟ್ಟುತ್ತಾ ದೂರವಾಯಿತು. ಟೈಲರ್ ಅಣ್ಣ ಆ ಸದ್ದು ಪೂರ್ತಿ ಕರಗುವ ತನಕ ಕೇಳುತ್ತಾ ಕೂತರು.

ಗಾಡಿ ಕಲ್ಲುದಾರಿಯ ಮೇಲೆ ದಡದಡ ಓಡಿತು, ತಿರುವಿನಲ್ಲಿ ನಿಧಾನವಾಯಿತು, ಮನೆ ಸೇರಿತು. ಎಲ್ಲ ಸದ್ದೂ ಅಡಗಿತು. ಗುಬ್ಬಿ ಒಂದೇ ಉಳಿಯಿತು. ಎಂಟು ಸಲ ಕೂಗಿತು, ಎಂಟನೆಯದರ ಉಸಿರೂ ಮುಗಿಯಿತು.

ಗುಂಗಿ ಮೈಕಿನ ಹತ್ತಿರ ಬಾಗಿ ಕಾದಳು.

“ಹೂಂ” ಅಂದಳು ತಂಗಿ. “ಬಾಗಿಲು ತೆಗಿ.”